ಸಮ್ಮೇಳನ ಹೋಬಳಿಗೆ ಬರಲಿ

ಊರಿನ ಶಾಲೆಗೆ ನೂರು ವರ್ಷ ತುಂಬಿದಾಗ ಒಂದು ಸ್ಮರಣ ಸಂಚಿಕೆ ಬರುತ್ತದೆ. ದೇವಸ್ಥಾನದ ಜೀರ್ಣೋದ್ಧಾರ ಮುಗಿದಾಗ ಇನ್ನೊಂದು. ಹೋಬಳಿ ಸಾಹಿತ್ಯ ಸಮ್ಮೇಳನವಾದರೆ ಮತ್ತೊಂದು. ನಿವೃತ್ತ ಮೇಷ್ಟ್ರು ಹತ್ತಾರು ಹಿರಿಯರನ್ನು ಮಾತಾಡಿಸಿ ಬರೆದ ಊರಿನ ಚರಿತ್ರೆ, ಯಾವ ಕೆರೆಗೆ ಯಾವ ಹಳ್ಳದ ನೀರು ಬರುತ್ತಿತ್ತು ಎಂಬ ವಿವರ, ಸೋಬಾನೆ ಪದ ಬಲ್ಲ ಅಜ್ಜಿಯ ಫೋಟೊ ಎಲ್ಲವೂ ಅದರಲ್ಲಿರುತ್ತವೆ. ಕೆಲವು ನೂರು ಪ್ರತಿ ಅಚ್ಚಾಗಿ, ವೇದಿಕೆಯ ಮೇಲಿದ್ದವರಿಗೂ ಚಂದಾ ಕೊಟ್ಟವರಿಗೂ ಹಂಚಿ ಮುಗಿಯುತ್ತದೆ. ಹತ್ತು ವರ್ಷದ ಮೇಲೆ ಬೇಕೆಂದರೆ ಒಂದು ಪ್ರತಿಯೂ ಇಲ್ಲ. ಡಿಟಿಪಿ ಮಾಡಿದ ಅಂಗಡಿಯಲ್ಲಿ ವಿಚಾರಿಸಿದರೆ, ಆ ಸಿಸ್ಟಂ ಯಾವತ್ತೋ ಕೆಟ್ಟು ಗುಜರಿಗೆ ಹೋಯಿತು ಅನ್ನುತ್ತಾರೆ.

ಗುಬ್ಬಿ ತಾಲ್ಲೂಕಿನ ಹಾಗಲವಾಡಿಯಂಥ ಸೀಮೆಗೆ ಇದು ಸಣ್ಣ ನಷ್ಟವಲ್ಲ. ಇವತ್ತು ಅದೊಂದು ಹೋಬಳಿ ಕೇಂದ್ರ. ಹಿಂದೆ ಎರಿಮಾದ ನಾಯಕನಿಂದ ಶುರುವಾಯಿತೆನ್ನುವ ಪಾಳೆಯಪಟ್ಟಿನ ರಾಜಧಾನಿ. ನೆರೆಯ ಚಿಕ್ಕನಾಯಕನಹಳ್ಳಿಗೆ ಆ ಹೆಸರು ಬಂದದ್ದೇ ಹಾಗಲವಾಡಿ ಮನೆತನದ ಚಿಕ್ಕನಾಯಕನಿಂದ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೇ ಸಂಪುಟ 1904ರಲ್ಲಿ ಬಂತು, ತುಮಕೂರು ಜಿಲ್ಲೆಯ ಶಾಸನಗಳಿಗೇ ಮೀಸಲಾದ ಸಂಪುಟ ಅದು, ಗುಬ್ಬಿ ತಾಲ್ಲೂಕಿನ ಕಲ್ಲು-ತಾಮ್ರದ ಬರಹಗಳೂ ಅದರಲ್ಲಿವೆ. ಹಕ್ಕಿನ ಅವಧಿ ಮುಗಿದು ಎಲ್ಲರ ಸ್ವತ್ತಾಗಿರುವ ಆ ಪುಸ್ತಕ ಇಂಟರ್ನೆಟ್ ಆರ್ಕೈವ್‌ನಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ. ನೂರಿಪ್ಪತ್ತು ವರ್ಷ ಹಳೆಯ ಸಂಪುಟ ಕೈಗೆ ಸಿಗುತ್ತದೆ, ಹತ್ತು ವರ್ಷದ ಹಿಂದಿನ ನಮ್ಮದೇ ಸ್ಮರಣ ಸಂಚಿಕೆ ಸಿಗುವುದಿಲ್ಲ.

ಇದಕ್ಕೆ ಪರಿಹಾರವಾಗುವ ಸಲಕರಣೆ ಇಪ್ಪತ್ತು ವರ್ಷದಿಂದ ಪುಕ್ಕಟೆ ಸಿಗುತ್ತಿದೆ. ಬರಹ, ಚಿತ್ರ, ಧ್ವನಿಗಳನ್ನು ಅಚ್ಚುಕಟ್ಟಾಗಿ ಇಟ್ಟು ಜಾಲತಾಣವಾಗಿ ತೋರಿಸುವ ವರ್ಡ್‌ಪ್ರೆಸ್, ದ್ರುಪಲ್, ಜೂಮ್ಲಾದಂಥ ಓಪನ್ ಸೋರ್ಸ್ ತಂತ್ರಾಂಶಗಳನ್ನು ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಅವುಗಳನ್ನು ಬರೆಯುವವರೂ ಬಳಸುವವರೂ ವರ್ಷಕ್ಕೊಮ್ಮೆ ಒಂದೆಡೆ ಸೇರಿ ತಮ್ಮದೇ ದುಡಿಮೆಯಲ್ಲಿ ಸಮ್ಮೇಳನ ನಡೆಸುವ ರೂಢಿ ಜಗತ್ತಿನಾದ್ಯಂತ ಇದೆ. ಅಂಥದೊಂದು ಸಮ್ಮೇಳನ ಹೋಬಳಿ ಮಟ್ಟದಲ್ಲಿ, ಕನ್ನಡದಲ್ಲಿ, ಹಾಗಲವಾಡಿಯಲ್ಲೇ ನಡೆಯಬೇಕು ಎಂಬುದು ನನ್ನ ಆಸೆ. ಹೇಗೆ ನಡೆಸಬಹುದು ಎನ್ನುವುದಕ್ಕೆ ಒಂದು ಕರಡು ಇಲ್ಲಿದೆ.

ಇಷ್ಟು ಸಣ್ಣ ಊರಿನಲ್ಲಿ ಇದಾಗುವ ಮಾತೇ ಎಂದು ಕೇಳುವವರು ದ್ರುಪಲ್ ಹುಟ್ಟಿದ ಕಥೆ ತಿಳಿಯಬೇಕು. 2000ನೇ ಇಸವಿ, ಬೆಲ್ಜಿಯಂನ ಆಂಟ್‌ವರ್ಪ್. ಹಾಸ್ಟೆಲಿನ ಎಂಟು ವಿದ್ಯಾರ್ಥಿಗಳು ಒಂದೇ ಇಂಟರ್ನೆಟ್ ಸಂಪರ್ಕವನ್ನು ಹಂಚಿಕೊಂಡಿದ್ದರು. ಸಂಪರ್ಕ ಸರಿಯಿದೆಯೋ ಇಲ್ಲವೋ, ರಾತ್ರಿ ಊಟ ಎಲ್ಲಿ ಅನ್ನುವಂಥ ಮಾತುಗಳನ್ನು ಬರೆದಿಡಲು ಡ್ರೀಸ್ ಬೈಟಾರ್ಟ್ ಎಂಬ ವಿದ್ಯಾರ್ಥಿ ಒಂದು ಪುಟ್ಟ ಸೂಚನಾ ಫಲಕದ ತಾಣ ಮಾಡಿದ. 2001ರ ಜನವರಿಯಲ್ಲಿ ಅದನ್ನೇ ದ್ರುಪಲ್ ಎಂಬ ಹೆಸರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ. ಮೊದಲ ದ್ರುಪಲ್‌ಕಾನ್ ಸಮ್ಮೇಳನ 2005ರಲ್ಲಿ ಅದೇ ಆಂಟ್‌ವರ್ಪ್‌ನಲ್ಲಿ ನಡೆಯಿತು. ಏಷ್ಯಾಕ್ಕೆ ಅದು ಮೊದಲ ಸಲ ಬಂದದ್ದು 2016ರ ಫೆಬ್ರುವರಿಯಲ್ಲಿ, ಮುಂಬೈನ ಐಐಟಿ ಆವರಣಕ್ಕೆ. ವರ್ಡ್‌ಪ್ರೆಸ್ಸಿನದೂ ಇದೇ ದಾರಿ. ಹಳೆಯದೊಂದು ಬ್ಲಾಗ್ ತಂತ್ರಾಂಶ ಕೈಬಿಟ್ಟುಹೋದಾಗ ಅದನ್ನು ಬಳಸುತ್ತಿದ್ದ ಮ್ಯಾಟ್ ಮಲ್ಲೆನ್‌ವೆಗ್, ಮೈಕ್ ಲಿಟಲ್ ಇಬ್ಬರೂ ಸೇರಿ ಮುಂದುವರಿಸಿದರು. 2003ರ ಮೇ 27ರಂದು ವರ್ಡ್‌ಪ್ರೆಸ್ ಬಂತು. ಇವತ್ತು ಜಗತ್ತಿನ ನೂರು ಜಾಲತಾಣಗಳಲ್ಲಿ ನಲವತ್ತಕ್ಕೂ ಹೆಚ್ಚು ಅದರ ಮೇಲೆ ನಡೆಯುತ್ತಿವೆ.

ಕನ್ನಡಕ್ಕೂ ಇದು ಹೊಸದಲ್ಲ. 2005ರಲ್ಲಿ ಹರಿಪ್ರಸಾದ್ ನಾಡಿಗ್ ಶುರು ಮಾಡಿದ ‘ಸಂಪದ’ ದ್ರುಪಲ್ ಮೇಲೆ ಕಟ್ಟಿದ ತಾಣ. ಯೂನಿಕೋಡ್ ಕನ್ನಡ ಕಂಪ್ಯೂಟರಿನಲ್ಲಿ ಸರಿಯಾಗಿ ಮೂಡುತ್ತದೋ ಇಲ್ಲವೋ ಎಂಬ ಅನುಮಾನವೇ ಬಗೆಹರಿಯದಿದ್ದ ಕಾಲದಲ್ಲಿ ಊರೂರಿನ, ದೇಶದೇಶದ ಕನ್ನಡಿಗರು ಅಲ್ಲಿ ಕತೆ, ಲೇಖನ, ಚರ್ಚೆ ಬರೆದರು. ಎಷ್ಟೋ ಜನ ತಮ್ಮ ಮೊದಲ ಕನ್ನಡ ಸಾಲನ್ನು ಟೈಪು ಮಾಡಿದ್ದು ಅಲ್ಲೇ. ದೊಡ್ಡ ಕಂಪನಿಯ ಬೆನ್ನಿಲ್ಲದೆ, ಸಮುದಾಯದ ತಂತ್ರಾಂಶ ಹಿಡಿದು ಓದುಗ-ಬರಹಗಾರರ ಸಮುದಾಯ ಕಟ್ಟಬಹುದು ಎನ್ನುವುದಕ್ಕೆ ಕನ್ನಡದಲ್ಲಿ ಅದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಬೆಂಗಳೂರಂತೂ ಇಂಥ ಸಮ್ಮೇಳನಗಳ ತವರು. ಅತುಲ್ ಚಿಟ್ನಿಸ್ ಮತ್ತು ಗೆಳೆಯರು 2001ರಲ್ಲಿ ಆರಂಭಿಸಿದ ‘ಲಿನಕ್ಸ್ ಬೆಂಗಳೂರು’ 2005ರಲ್ಲಿ ‘ಫಾಸ್ ಡಾಟ್ ಇನ್’ ಆಯಿತು, 2012ರವರೆಗೆ ನಡೆಯಿತು. ಆ ಸಮ್ಮೇಳನದ ಬದುಕಿನಲ್ಲಿ ನಾವು ಕಲಿಯಬೇಕಾದ ಒಂದು ತಿರುವು ಇದೆ. ಮೊದಮೊದಲು ಸಭಾಂಗಣ ತುಂಬ ಕೇಳುಗರು ಸೇರುವುದೇ ದೊಡ್ಡದು ಎನಿಸಿತ್ತು. ಬರಬರುತ್ತ ಸಂಘಟಕರು, ಕೇಳಿ ಹೋಗುವವರಿಗಿಂತ ಕೂತು ಕೆಲಸ ಮಾಡುವವರು ಮುಖ್ಯ ಎಂದು ನಿರ್ಧರಿಸಿ, ಕಾರ್ಯಕ್ರಮದ ಬಹುಪಾಲನ್ನು ಅಂಥವರಿಗೆ ಬಿಟ್ಟರು. 2009ರಲ್ಲಿ ಪೈಥಾನ್ ಬಳಗದವರ, ದೇಶದ ಮೊದಲ ಪೈಕಾನ್ ಸಮ್ಮೇಳನವೂ ಬೆಂಗಳೂರಿನಲ್ಲೇ ನಡೆಯಿತು. ಈಚೆಗೆ ಮುಕ್ತ ತಂತ್ರಾಂಶದ ಬಳಗ ಫಾಸ್ ಯುನೈಟೆಡ್ ನಡೆಸುವ ‘ಇಂಡಿಯಾಫಾಸ್’ಗೆ ನಿಮ್ಹಾನ್ಸ್ ಸಭಾಂಗಣದಲ್ಲಿ ದೇಶದ ಮೂಲೆಮೂಲೆಯಿಂದ ಹುಡುಗರು ಬರುತ್ತಾರೆ. ಆದರೆ ಇಲ್ಲೆಲ್ಲ ಮಾತು ಇಂಗ್ಲಿಷಿನದು, ವಿಷಯ ಪ್ರೋಗ್ರಾಮರುಗಳದು. ಹಾಗಲವಾಡಿಯ ಅಂಗನವಾಡಿ ಕಾರ್ಯಕರ್ತೆಗೋ ಹಾಲಿನ ಡೇರಿ ಕಾರ್ಯದರ್ಶಿಗೋ ಅಲ್ಲಿ ಜಾಗವಿಲ್ಲ. ಅವರನ್ನು ಯಾರೂ ಬೇಡವೆಂದಿಲ್ಲ, ಬನ್ನಿ ಎಂದು ಕರೆದವರೂ ಇಲ್ಲ.

ಸಮ್ಮೇಳನ ಊರು ಬದಲಿಸಿದರೆ ಏನಾಗುತ್ತದೆ ಎಂಬುದನ್ನು ಕರಾವಳಿ ತೋರಿಸಿಕೊಟ್ಟಿದೆ. 2003ರಲ್ಲಿ ಹುಟ್ಟಿದ ಕನ್ನಡ ವಿಕಿಪೀಡಿಯ ತನ್ನ 13ನೇ ವರ್ಷಾಚರಣೆಯನ್ನು 2016ರ ಫೆಬ್ರುವರಿಯಲ್ಲಿ ಮಾಡಿಕೊಂಡದ್ದು ಬೆಂಗಳೂರಿನಲ್ಲಲ್ಲ, ಮಂಗಳೂರಿನಲ್ಲಿ. ಮಂಗಳೂರು, ಉಜಿರೆ, ಮೂಡುಬಿದಿರೆಗಳ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಲೇಖನ ಬರೆಯತೊಡಗಿದರು. ಕರಾವಳಿ ವಿಕಿಮೀಡಿಯನ್ನರ ಬಳಗವೇ ಕಟ್ಟಿಕೊಂಡಿತು. ವರ್ಷಗಳಿಂದ ಪ್ರಯೋಗಶಾಲೆಯಲ್ಲಿದ್ದ ತುಳು ವಿಕಿಪೀಡಿಯ ಅದೇ 2016ರ ಆಗಸ್ಟಿನಲ್ಲಿ ಜೀವಂತ ತಾಣವಾಯಿತು. ಇದೆಲ್ಲ ಒಂದು ಸಮ್ಮೇಳನದ ಫಲ ಎಂದು ನಾನು ಹೇಳುತ್ತಿಲ್ಲ. ಬರೆಯುವ ಜನ ಇರುವಲ್ಲಿಗೆ ಕೆಲಸವನ್ನು ಒಯ್ದದ್ದರಿಂದ ಕೆಲಸ ಬೆಳೆಯಿತು. ವರ್ಡ್‌ಪ್ರೆಸ್ ಬಳಗದ ‘ವರ್ಡ್‌ಕ್ಯಾಂಪ್’ಗಳೂ ನಮ್ಮ ದೇಶದಲ್ಲಿ ನಾಗಪುರ, ನಾಸಿಕ್, ಉದಯಪುರ, ಕಾನ್ಪುರಗಳವರೆಗೆ ಹೋಗಿವೆ. ಅಲ್ಲಿಂದ ಹೋಬಳಿಗೆ ಇನ್ನೊಂದೇ ಹೆಜ್ಜೆ.

2006ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆರಂಭವಾದ ವರ್ಡ್‌ಕ್ಯಾಂಪ್‌ಗೆ ಈಗ ಗಟ್ಟಿಯಾದ ಕಟ್ಟಳೆಗಳಿವೆ. ಸಂಘಟಕರೂ ಭಾಷಣಕಾರರೂ ಸಂಭಾವನೆ ಪಡೆಯುವಂತಿಲ್ಲ. ಟಿಕೆಟ್ಟು ಯಾರ ಕೈಗಾದರೂ ಎಟುಕುವಂತಿರಬೇಕು. ಪ್ರಾಯೋಜಕರು ದುಡ್ಡು ಕೊಟ್ಟರೆಂದು ಅವರಿಗೆ ಭಾಷಣದ ಅವಕಾಶ ಮಾರುವಂತಿಲ್ಲ. ಆಡಿದ ಮಾತೆಲ್ಲ ಚಿತ್ರೀಕರಣಗೊಂಡು ಸಾರ್ವಜನಿಕರಿಗೆ ಸಿಗಬೇಕು. ಹಲವು ಕಡೆ ಮುಖ್ಯ ಸಮ್ಮೇಳನದ ಹಿಂದೆಯೋ ಮುಂದೆಯೋ ಒಂದು ಇಡೀ ದಿನ ‘ಕೊಡುಗೆಯ ದಿನ’. ಅವತ್ತು ಭಾಷಣವಿಲ್ಲ, ಅನುವಾದಕ್ಕೊಂದು ಮೇಜು, ದಾಖಲೆ ಬರೆಯುವುದಕ್ಕೊಂದು, ಫೋಟೊಗಳಿಗೊಂದು, ತಪ್ಪು ಹುಡುಕುವುದಕ್ಕೊಂದು. ಮೊದಲ ಸಲ ಬಂದವರನ್ನು ಬಲ್ಲವರ ಪಕ್ಕ ಕೂರಿಸುತ್ತಾರೆ. ನಮಗೆ ಬೇಕಾದದ್ದು ಮುಖ್ಯವಾಗಿ ಈ ದಿನವೇ. ಹಾಗಲವಾಡಿ ಸಮ್ಮೇಳನದಲ್ಲಿ ಇದು ಹಿಂದೆ ಮುಂದೆ ಅಂಟಿಕೊಂಡ ದಿನವಾಗದೆ ಇಡೀ ಸಮ್ಮೇಳನವೇ ಆಗಬೇಕು.

ಇಷ್ಟಾದ ಮೇಲೆ ಉಳಿದ ತಿಳಿವಳಿಕೆ ನಮ್ಮ ಮನೆಯಲ್ಲೇ ಇದೆ. 1915ರಿಂದ ಸಾಹಿತ್ಯ ಸಮ್ಮೇಳನ ನಡೆಸುತ್ತ ಬಂದ ನಾಡು ನಮ್ಮದು, 2002ರಲ್ಲಿ ಯು.ಆರ್. ಅನಂತಮೂರ್ತಿಯವರ ಅಧ್ಯಕ್ಷತೆಯಲ್ಲಿ ತುಮಕೂರೇ ಅದನ್ನು ಮಾಡಿ ತೋರಿಸಿದೆ. ಸ್ವಾಗತ ಸಮಿತಿ, ವಸತಿ ಸಮಿತಿ, ಆಹಾರ ಸಮಿತಿ, ಹಣಕಾಸು ಸಮಿತಿ ಎಂದು ಕೆಲಸ ಹಂಚಿಕೊಳ್ಳುವುದು ಹಳ್ಳಿಯ ಯುವಕ ಸಂಘಕ್ಕೂ ಕರತಲಾಮಲಕ. ಸಿದ್ಧಗಂಗೆಯ ದಾಸೋಹ ಕಂಡ ಜಿಲ್ಲೆಗೆ ಇನ್ನೂರು ಜನರ ಊಟ ಲೆಕ್ಕಕ್ಕೇ ಇಲ್ಲ. ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ, ಮುಂದೆ ವೀರಣ್ಣನವರ ಕೈಯಲ್ಲಿ ಪರದೆ, ಪೆಟ್ಟಿಗೆ, ನೂರಾರು ಕಲಾವಿದರನ್ನು ಕಟ್ಟಿಕೊಂಡು ಊರೂರು ತಿರುಗಿ, ರಂಗದ ಮೇಲೆ ಆನೆ ಕುದುರೆಗಳನ್ನೂ ತಂದ ಸೀಮೆ ಇದು. ಜನ ಸೇರಿಸುವ ವಿದ್ಯೆಯನ್ನು ಗುಬ್ಬಿ ತಾಲ್ಲೂಕಿಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಾಗಿಲ್ಲ.

ಬಿಡಬೇಕಾದದ್ದೂ ಇದೆ. ಹತ್ತು ಗಂಟೆಯ ಕಾರ್ಯಕ್ರಮ ಗಣ್ಯರು ಬರುವವರೆಗೆ ಕಾಯ್ದು ಹನ್ನೆರಡಕ್ಕೆ ಶುರುವಾಗುವುದು, ಹದಿನೈದು ಜನಕ್ಕೆ ಹಾರ, ಶಾಲು, ಸ್ಮರಣಿಕೆ, ಆಮೇಲೆ ಪ್ರಾಸ್ತಾವಿಕ ನುಡಿ. ಇದೊಂದನ್ನು ಮೊದಲ ಸಭೆಯಲ್ಲೇ ಗಟ್ಟಿಯಾಗಿ ತೀರ್ಮಾನಿಸಿ ಕೈಬಿಡಬೇಕು. ಉದ್ಘಾಟನೆ ಹದಿನೈದು ನಿಮಿಷ ಮೀರಬಾರದು. ಶಾಸಕರೋ ಅಧಿಕಾರಿಗಳೋ ಬಂದರೆ ಸಂತೋಷ, ಮೇಜಿನ ಮುಂದೆ ಎಲ್ಲರ ಜೊತೆ ಕೂರಲಿ.

ಯಾರನ್ನು ಕರೆಯಬೇಕು? ಪ್ರತಿ ಗ್ರಾಮ ಪಂಚಾಯ್ತಿಯ ಗ್ರಂಥಾಲಯ ಈಗ ‘ಅರಿವು ಕೇಂದ್ರ’. ಅದರ ಮೇಲ್ವಿಚಾರಕರು ಮೊದಲ ಅತಿಥಿಗಳು. ಅಲ್ಲಿ ಕಂಪ್ಯೂಟರ್ ಇದೆ, ಮಕ್ಕಳು ಬರುತ್ತಾರೆ, ಸಮ್ಮೇಳನ ಮುಗಿದ ಮೇಲೂ ಬಾಗಿಲು ತೆರೆದಿರುತ್ತದೆ. ಆಮೇಲೆ ಗುಬ್ಬಿ, ಚೇಳೂರು, ನಿಟ್ಟೂರಿನ ಡಿಟಿಪಿ ಅಂಗಡಿಯವರು. ಇವರನ್ನು ಯಾವ ತಂತ್ರಜ್ಞಾನ ಸಮ್ಮೇಳನವೂ ಕರೆದದ್ದನ್ನು ನಾನು ಕಂಡಿಲ್ಲ. ಆದರೆ ಒಂದು ತಾಲ್ಲೂಕಿನ ಮೂವತ್ತು ವರ್ಷದ ಕರಪತ್ರ, ಮದುವೆ ಕಾಗದ, ಸ್ಮರಣ ಸಂಚಿಕೆ, ವಾರ್ಷಿಕ ವರದಿಗಳಲ್ಲಿ ಗುಜರಿಗೆ ಹೋಗದೆ ಉಳಿದವು ಅವರ ಹಾರ್ಡ್ ಡಿಸ್ಕಿನಲ್ಲಿವೆ. ಮೇಷ್ಟ್ರುಗಳು, ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವ ಹೆಣ್ಣುಮಕ್ಕಳು, ಹಾಲಿನ ಸಂಘದ ಕಾರ್ಯದರ್ಶಿಗಳು, ಭಜನೆ ಮೇಳದವರು, ಮೂಡಲಪಾಯ ಯಕ್ಷಗಾನ ಬಲ್ಲವರು. ತುಮಕೂರಿನ ಎಂಜಿನಿಯರಿಂಗ್ ಕಾಲೇಜುಗಳಿಂದ, ವಿಶ್ವವಿದ್ಯಾಲಯದಿಂದ ಬರುವ ವಿದ್ಯಾರ್ಥಿಗಳು ಸ್ವಯಂಸೇವಕರು. ಪ್ರತಿ ಮೇಜಿಗೆ ಊರಿನ ವಿಷಯ ಬಲ್ಲವರೊಬ್ಬರು, ತಂತ್ರಾಂಶ ಬಲ್ಲವರೊಬ್ಬರು. ಇಬ್ಬರೂ ಇಲ್ಲದೆ ಯಾವ ಮೇಜೂ ನಡೆಯದು.

ಮೇಜಿನ ಮೇಲೆ ನಡೆಯುವ ಕೆಲಸ ಎಂಥದು ಎನ್ನುವುದಕ್ಕೆ ಹಳೆಯ ಸ್ಮರಣ ಸಂಚಿಕೆಯನ್ನೇ ತೆಗೆದುಕೊಳ್ಳೋಣ. ಪುಣ್ಯಕ್ಕೆ ಅದರ ಪೇಜ್‌ಮೇಕರ್ ಕಡತ ಸಿಕ್ಕಿತು ಅನ್ನಿ. ಅಕ್ಷರ ಕೂಡಿಸಿದ್ದು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ. ಅಲ್ಲಿಂದ ‘ಕನ್ನಡ’ ಎಂಬ ಪದವನ್ನು ಎತ್ತಿ ಜಾಲತಾಣಕ್ಕೆ ಅಂಟಿಸಿದರೆ ಕಾಣುವುದು ಕನ್ನಡವಲ್ಲ. ಮೊದಲು ಇಂಗ್ಲಿಷಿನ ‘ಪಿ’, ಅದರ ಮುಂದೆ ತಲೆಯ ಮೇಲೆ ಗೀಟು ಹೊತ್ತ ‘ಎ’, ನಡುವೆ ಬ್ರಿಟಿಷ್ ಪೌಂಡಿನ ಗುರುತು. ಯೂನಿಕೋಡ್ ಬರುವ ಮೊದಲಿನ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಫಾಂಟು ಕಳಚಿದರೆ ಕನ್ನಡವೂ ಕಳಚುತ್ತದೆ. ಅದನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ‘ಸಂಚಯ’ ಬಳಗದ ಜೊತೆ ದುಡಿದ ಅರವಿಂದ ವಿ.ಕೆ. ಅಂಥದೊಂದನ್ನು ಬರೆದು ಮುಕ್ತವಾಗಿ ಕೊಟ್ಟಿದ್ದಾರೆ. ‘ಗುಬ್ಬಿ’, ‘ನವಿಲು’ ಎಂಬ ಎರಡು ಮುಕ್ತ ಕನ್ನಡ ಫಾಂಟುಗಳೂ ಅವರವೇ. ಪರಿವರ್ತಕ ನೂರಕ್ಕೆ ತೊಂಬತ್ತು ಪಾಲು ಕೆಲಸ ಮಾಡಿಕೊಟ್ಟರೂ ಉಳಿದದ್ದಕ್ಕೆ ಕನ್ನಡ ಬಲ್ಲವರ ಕಣ್ಣೇ ಬೇಕು. ‘ಧರ್ಮ’ದ ಅರ್ಕಾವತ್ತು ಹಳೆಯ ಫಾಂಟಿನಲ್ಲಿ ‘ಮ’ ಆದ ಮೇಲೆ ಕೂತಿರುತ್ತದೆ, ಯೂನಿಕೋಡಿನಲ್ಲಿ ‘ರ್’ ಮೊದಲು ಬರಬೇಕು. ಒತ್ತಕ್ಷರ, ದೀರ್ಘ, ಅರ್ಕಾವತ್ತು ಮೂರೂ ಒಟ್ಟಿಗೆ ಬಂದ ಕಡೆ ಎಡವಟ್ಟಾಗುತ್ತದೆ. ಇದನ್ನು ಬೆಂಗಳೂರಿನ ಯಾವ ಪ್ರೋಗ್ರಾಮರಿಗಿಂತಲೂ ಬೇಗ ಹಿಡಿಯುವವರು ಕನ್ನಡ ಮೇಷ್ಟ್ರು, ಡಿಟಿಪಿ ಹುಡುಗಿ.

ಸರಿ, ಪಠ್ಯ ಶುದ್ಧವಾಯಿತು. ವರ್ಡ್‌ಪ್ರೆಸ್ಸಿಗೆ ಹಾಕಿ ‘ಹಾಗಲವಾಡಿ ಪಾಳೆಯಗಾರರ ಇತಿಹಾಸ’ ಎಂದು ತಲೆಬರಹ ಕೊಟ್ಟು ಪ್ರಕಟಿಸಿದರೆ, ಪುಟದ ವಿಳಾಸ ‘ಹಾಗಲವಾಡಿ-ಪಾಳೆಯಗಾರರ-ಇತಿಹಾ’ ಎಂದು ಮೊಟಕಾಗುತ್ತದೆ. ‘ಸ’ ಬಿದ್ದುಹೋಯಿತು. ಕಾರಣ ಹೀಗಿದೆ. ‘ಹಾಗಲವಾಡಿ’ ನಮ್ಮ ಕಣ್ಣಿಗೆ ಐದು ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಕಾಗುಣಿತದ ಗುರುತುಗಳೂ ಸೇರಿ ಎಂಟು. ಒಂದೊಂದಕ್ಕೂ ಮೂರು ಬೈಟ್, ಒಂದೊಂದು ಬೈಟನ್ನೂ ವಿಳಾಸದಲ್ಲಿ ಮೂರು ಚಿಹ್ನೆಗಳಾಗಿ ಬರೆಯುತ್ತಾರೆ. ಅಲ್ಲಿಗೆ ಆ ಒಂದು ಹೆಸರಿಗೇ 72 ಚಿಹ್ನೆ ಖರ್ಚು. ವರ್ಡ್‌ಪ್ರೆಸ್ ಪುಟದ ವಿಳಾಸಕ್ಕೆ ಇಟ್ಟ ಮಿತಿ 200. ಇಂಗ್ಲಿಷ್ ತಲೆಬರಹಕ್ಕೆ ಧಾರಾಳವಾದ ಜಾಗ ಕನ್ನಡಕ್ಕೆ ಎರಡು-ಮೂರು ಪದದಲ್ಲಿ ಮುಗಿದುಹೋಗುತ್ತದೆ. ಲೇಖನದ ಮೊದಲ ಭಾಗವನ್ನಷ್ಟೇ ತೋರಿಸುವ ಸಾರಾಂಶದ ಕಥೆಯೂ ಇಂಥದೇ. ವರ್ಡ್‌ಪ್ರೆಸ್ ಅದನ್ನು 55 ಪದಕ್ಕೆ ಕತ್ತರಿಸುತ್ತದೆ. ಇಂಗ್ಲಿಷಿನ ಮೂರು ನಾಲ್ಕು ಪದದ ಅರ್ಥವನ್ನು ಕನ್ನಡ ಒಂದೇ ಪದದಲ್ಲಿ ಹೇಳಬಲ್ಲದು, ಹಾಗಾಗಿ 55 ಕನ್ನಡ ಪದ ಎಂದರೆ ಮೊಬೈಲಿನ ಪರದೆ ತುಂಬಿ ಕೆಳಗಿಳಿಯುತ್ತದೆ. ಈ ಸಂಖ್ಯೆಯನ್ನು ಭಾಷಾಂತರದ ಕಡತದಲ್ಲೇ ಬದಲಿಸಲು ಅವಕಾಶವಿದೆ. ಅಂದರೆ ವರ್ಡ್‌ಪ್ರೆಸ್ಸಿನ ಕನ್ನಡ ಅನುವಾದದಲ್ಲಿ ಕೈಜೋಡಿಸಿದವರು ಇದನ್ನು ಎಲ್ಲ ಕನ್ನಡ ತಾಣಗಳಿಗೂ ಒಂದೇ ಸಲ ಸರಿಪಡಿಸಬಹುದು.

ಕೊಂಡ ತಂತ್ರಾಂಶದಲ್ಲಿ ಇಂಥ ತೊಡಕು ಸಿಕ್ಕರೆ ಕಂಪನಿಗೆ ಮನವಿ ಬರೆದು ಕಾಯಬೇಕು. ಇಲ್ಲಿ ತೊಡಕನ್ನು ವಿವರಿಸಿ ಬರೆಯುವುದೇ ಕೊಡುಗೆ, ತಿದ್ದಿ ಕಳಿಸುವುದು ಇನ್ನೂ ದೊಡ್ಡ ಕೊಡುಗೆ. ಹಾಗಲವಾಡಿಯ ಮೇಜಿನಿಂದ ಎದ್ದ ಒಂದು ದೂರು ಇತರ ಭಾರತೀಯ ಭಾಷೆಗಳಿಗೂ ಉಪಕಾರ ಮಾಡಬಲ್ಲದು, ಏಕೆಂದರೆ ತಮಿಳು, ತೆಲುಗು, ಮರಾಠಿಗಳ ಅಕ್ಷರಕ್ಕೂ ಮೂರೇ ಬೈಟು. ಸಮ್ಮೇಳನವನ್ನು ಹೋಬಳಿಗೆ ತರಬೇಕೆಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ. ಕನ್ನಡದಲ್ಲಿ ನಿಜವಾಗಿ ಬರೆಯುವವರು ಮೇಜಿನ ಮುಂದೆ ಕೂತಾಗ ಮಾತ್ರ ಕನ್ನಡದ ತೊಡಕುಗಳು ಕಾಣುತ್ತವೆ.

ಯಾವ ತಂತ್ರಾಂಶ ಎಂಬ ಪ್ರಶ್ನೆಗೆ ಒಂದೇ ಹೆಸರಿಗೆ ಕಟ್ಟುಬೀಳಬಾರದು. 2024ರ ಸೆಪ್ಟೆಂಬರಿನಲ್ಲಿ ವರ್ಡ್‌ಪ್ರೆಸ್ಸಿನ ಮಲ್ಲೆನ್‌ವೆಗ್ ಅವರಿಗೂ ಡಬ್ಲ್ಯುಪಿ ಎಂಜಿನ್ ಎಂಬ ಕಂಪನಿಗೂ ಜಗಳ ಹತ್ತಿ ನ್ಯಾಯಾಲಯದ ಮೆಟ್ಟಿಲೇರಿತು. ಲಕ್ಷಾಂತರ ಬಳಕೆದಾರರ ಒಂದು ಪ್ಲಗಿನ್ ರಾತ್ರೋರಾತ್ರಿ ಬೇರೆಯವರ ಕೈಗೆ ಹೋಯಿತು. ಸಮುದಾಯದ್ದು ಎನ್ನುವ ಮಾತಿನ ಒಳಗೆ ಬೀಗದ ಕೈ ಯಾರ ಹತ್ತಿರ ಇದೆ ಎಂದು ಆಗ ಎಲ್ಲರೂ ಕೇಳಿಕೊಂಡರು. ನನ್ನ ಅಭಿಪ್ರಾಯ ಕೇಳಿದರೆ, ಒಂದು ಸಲ ಪ್ರಕಟಿಸಿ ಮತ್ತೆ ಮುಟ್ಟದ ಸ್ಮರಣ ಸಂಚಿಕೆಯಂಥದಕ್ಕೆ ವರ್ಡ್‌ಪ್ರೆಸ್ಸೇ ಬೇಕಿಲ್ಲ. ಹ್ಯೂಗೋದಂಥ ತಂತ್ರಾಂಶದಲ್ಲಿ ಬರಿಯ ಪುಟಗಳನ್ನು ಮಾಡಿಟ್ಟರೆ ಅಪ್‌ಡೇಟಿನ ಗೋಜಿಲ್ಲ, ಕಳ್ಳರ ಕಾಟ ಕಡಿಮೆ, ಖರ್ಚೂ ಕಡಿಮೆ. ದಿನದಿನ ಸುದ್ದಿ ಹಾಕುವ ಶಾಲೆಗೋ ಸಂಘಕ್ಕೋ ವರ್ಡ್‌ಪ್ರೆಸ್ ಸರಿ. ಊರಿನ ಚರಿತ್ರೆಗೆ, ಗಣ್ಯರ ಪರಿಚಯಕ್ಕೆ ಕನ್ನಡ ವಿಕಿಪೀಡಿಯ, ಹಳೆಯ ಪುಸ್ತಕಗಳಿಗೆ ವಿಕಿಸೋರ್ಸ್. ಮೈಸೂರು ವಿಶ್ವವಿದ್ಯಾಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟ ಉದಾಹರಣೆ ಕಣ್ಣೆದುರಿಗಿದೆ. ಯೂನಿವರ್ಸಿಟಿಯೇ ಕೊಟ್ಟ ಮೇಲೆ ನಮ್ಮೂರ ಸಂಘ ತನ್ನ ಸಂಚಿಕೆಯನ್ನು ಕೊಡುವುದಕ್ಕೆ ಅಳುಕಬೇಕಿಲ್ಲ. ಆದರೆ ಬರೆದವರ ಹಕ್ಕು ಬರೆದವರದೇ. ನಮ್ಮ ಕಾನೂನಿನಲ್ಲಿ ಅದು ಲೇಖಕರು ತೀರಿಕೊಂಡ ಮೇಲೂ ಅರವತ್ತು ವರ್ಷ ಇರುತ್ತದೆ. ಆದ್ದರಿಂದ ಒಂದು ಮೇಜು ಒಪ್ಪಿಗೆ ಪತ್ರಕ್ಕೇ ಬೇಕು: ಸರಳ ಕನ್ನಡದ ಅರ್ಧ ಪುಟ, ಬರೆದವರ ಅಥವಾ ಅವರ ಮಕ್ಕಳ ಸಹಿ. ಹಾಡು ಹೇಳಿದ ಅಜ್ಜಿಯ ಒಪ್ಪಿಗೆಯನ್ನೂ ಕೇಳಿಯೇ ಧ್ವನಿ ಹಾಕಬೇಕು.

ಕಾಲ ಯಾವುದು? ಮಳೆಗಾಲ ಬೇಡ, ಅಡಿಕೆ ಕೊಯ್ಲು ಬೇಡ. ರಾಗಿ ಒಕ್ಕಣೆ ಮುಗಿದು, ಮಕ್ಕಳ ಪರೀಕ್ಷೆ ಇನ್ನೂ ಶುರುವಾಗದ ಫೆಬ್ರುವರಿಯ ಒಂದು ಶನಿವಾರ ಭಾನುವಾರ ಒಳ್ಳೆಯದು. ಜಾಗ ಸರ್ಕಾರಿ ಶಾಲೆಯ ಕೊಠಡಿಗಳು, ಅಂಗಳದಲ್ಲಿ ಶಾಮಿಯಾನ. ಸಂಜೆ ಊರಿಗೆ ಹೋಗುವ ಬಸ್ಸು ಹಿಡಿಯಲಾಗುವಂತೆ ನಾಲ್ಕೂವರೆಗೆ ಮುಗಿಸಬೇಕು. ಇಲ್ಲದಿದ್ದರೆ ಎರಡನೇ ದಿನ ಹೆಂಗಸರು ಬರುವುದಿಲ್ಲ. ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು ಒಂದು ಕೊಠಡಿ, ಇಬ್ಬರು ಜವಾಬ್ದಾರಿಯುತರು. ಜಗತ್ತಿನ ಇಂಥ ಸಮ್ಮೇಳನಗಳಲ್ಲಿ ನಡವಳಿಕೆಯ ಸಂಹಿತೆಯೊಂದನ್ನು ಮುಂಚೆಯೇ ಪ್ರಕಟಿಸುತ್ತಾರೆ: ಯಾರೂ ಯಾರನ್ನೂ ಕೀಳಾಗಿ ಕಾಣಬಾರದು, ಕಿರುಕುಳ ಕೊಡಬಾರದು, ಕೊಟ್ಟರೆ ಯಾರಿಗೆ ದೂರಬೇಕು ಎಂದು. ನಮ್ಮ ಸಂಹಿತೆಯಲ್ಲಿ ಇನ್ನೊಂದು ಸಾಲು ಸೇರಬೇಕು. ಊಟ ಒಂದೇ ಪಂಕ್ತಿ, ನೀರು ಒಂದೇ ಹಂಡೆ, ಬಡಿಸುವವರು ಎಲ್ಲ ಕೇರಿಯವರು. ಇದನ್ನು ಕರಪತ್ರದಲ್ಲೇ ಅಚ್ಚು ಹಾಕಿಸಬೇಕು. ಒಪ್ಪದವರಿದ್ದರೆ ಮುಂಚೆಯೇ ಗೊತ್ತಾಗಲಿ.

ಕರೆಂಟು, ಇಂಟರ್ನೆಟ್ಟು ಎರಡನ್ನೂ ನಂಬದೆ ಯೋಜನೆ ಮಾಡುವುದು ಜಾಣತನ. ಪಂಚಾಯ್ತಿಗೆ ಭಾರತ್‌ನೆಟ್ಟಿನ ಎಳೆ ಬಂದಿದ್ದರೂ ಇನ್ನೂರು ಫೋನು ಒಟ್ಟಿಗೆ ಹತ್ತಿದರೆ ಕುಸಿಯುತ್ತದೆ. ಹಾಗಾಗಿ ಒಂದು ಸಣ್ಣ ಕಂಪ್ಯೂಟರನ್ನೇ ಸರ್ವರ್ ಮಾಡಿ, ಅದರಲ್ಲಿ ವರ್ಡ್‌ಪ್ರೆಸ್, ಕಿವಿಕ್ಸ್ ತಂತ್ರಾಂಶದ ಮೂಲಕ ಇಡೀ ಕನ್ನಡ ವಿಕಿಪೀಡಿಯ, ಫಾಂಟುಗಳು, ಪರಿವರ್ತಕ ಎಲ್ಲ ಮೊದಲೇ ತುಂಬಿಟ್ಟು, ವೈಫೈ ರೂಟರಿಗೆ ಸಿಕ್ಕಿಸಿದರೆ ಹೊರಗಿನ ಸಂಪರ್ಕ ಇಲ್ಲದೆಯೂ ದಿನವಿಡೀ ಕೆಲಸ ನಡೆಯುತ್ತದೆ. ಸಂಜೆ ಒಂದೇ ಸಲ ಮೇಲಕ್ಕೆ ಕಳಿಸಬಹುದು. ಲ್ಯಾಪ್‌ಟಾಪ್ ಇರುವವರು ಕಡಿಮೆ, ಫೋನು ಎಲ್ಲರ ಬಳಿಯೂ ಇದೆ. ಬರೆಯಲು ಬೇಸರವಾದವರು ಧ್ವನಿಯಲ್ಲಿ ಹೇಳಿ ಟೈಪಾಗಿಸಲಿ, ಮೇಷ್ಟ್ರು ತಿದ್ದಲಿ. ಜನರೇಟರ್ ಬಾಡಿಗೆ, ಪ್ಲಗ್ ಬೋರ್ಡು, ಎಕ್ಸ್‌ಟೆನ್ಷನ್ ವೈರು ಇವು ಆಹ್ವಾನ ಪತ್ರಿಕೆಗಿಂತ ಮೊದಲು ಗೊತ್ತಾಗಬೇಕಾದವು.

ಅಡ್ಡಿಗಳೂ ಬರುತ್ತವೆ. 2020ರ ಫೆಬ್ರುವರಿಯಲ್ಲಿ ಬ್ಯಾಂಕಾಕಿನಲ್ಲಿ ನಡೆಯಬೇಕಿದ್ದ ಮೊದಲ ವರ್ಡ್‌ಕ್ಯಾಂಪ್ ಏಷ್ಯಾ, ಎಲ್ಲ ಸಿದ್ಧತೆ ಮುಗಿದ ಮೇಲೆ, ಇನ್ನು ಕೆಲವೇ ದಿನ ಇದೆ ಎನ್ನುವಾಗ ಕೋವಿಡ್ ಭೀತಿಯಿಂದ ರದ್ದಾಯಿತು. ಸಂಘಟಕರು ಎದೆಗುಂದಲಿಲ್ಲ, 2023ರಲ್ಲಿ ಅದೇ ಊರಿನಲ್ಲಿ ನಡೆಸಿದರು. ಆಮೇಲೆ ತೈಪೆ, ಮನಿಲಾ ಸುತ್ತಿ ಬಂದ ಆ ಸಮ್ಮೇಳನಕ್ಕೆ 2026ಕ್ಕೆ ಗೊತ್ತಾದ ಊರು ಮುಂಬೈ. ಅಂಥಲ್ಲಿಗೆ ಹೋಗುವ ಕನ್ನಡದ ಹುಡುಗ ಹುಡುಗಿಯರಲ್ಲಿ ನಾಲ್ಕು ಜನ ಹಾಗಲವಾಡಿಯತ್ತ ಮುಖ ಮಾಡಿದರೆ ತಂತ್ರಾಂಶ ಬಲ್ಲವರ ಕೊರತೆ ನೀಗುತ್ತದೆ. ದಾರಿ ದೂರವೇನಲ್ಲ. ಗುಬ್ಬಿಗೆ ರೈಲೇ ಇದೆ, ಮುಂದಕ್ಕೆ ಬಸ್ಸು. 2023ರ ಫೆಬ್ರುವರಿ 6ರಂದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದದ್ದು ಇದೇ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ. ತಂತ್ರಜ್ಞಾನಕ್ಕೆ ತಾಲ್ಲೂಕು ದೂರವಾಯಿತು ಎಂಬ ಮಾತು ಇನ್ನು ನಡೆಯುವುದಿಲ್ಲ.

ದುಡ್ಡಿನ ವಿಷಯ ಹೇಳುವುದೇನೂ ಬಹಳ ಇಲ್ಲ. ರಸೀದಿ ಪುಸ್ತಕ, ಎರಡು ಸಹಿಯ ಬ್ಯಾಂಕ್ ಖಾತೆ, ಮುಗಿದ ವಾರದೊಳಗೆ ಜಮಾ-ಖರ್ಚು ಜಾಲತಾಣದಲ್ಲಿ. ಚಂದಾ ಕೊಟ್ಟ ಅಂಗಡಿಗಳ ಹೆಸರು ಒಂದು ಪುಟದಲ್ಲಿ, ಒಂದೇ ಅಳತೆಯ ಅಕ್ಷರದಲ್ಲಿ. ದೊಡ್ಡ ಕಂಪನಿಯೊಂದು ಪೂರ್ತಿ ಖರ್ಚು ಹಾಕುತ್ತೇನೆಂದು ಬಂದರೂ ಒಪ್ಪಬಾರದು. ಅರ್ಧಕ್ಕಿಂತ ಹೆಚ್ಚು ಹಣ ಸಣ್ಣ ಚಂದಾಗಳಿಂದಲೇ ಬರಲಿ.

ಯಶಸ್ಸನ್ನು ಸೇರಿದ ಜನರ ತಲೆ ಎಣಿಸಿ ಅಳೆಯುವುದು ಬೇಡ. ಭಾನುವಾರ ಸಂಜೆ ಎಷ್ಟು ಸ್ಮರಣ ಸಂಚಿಕೆ ಯೂನಿಕೋಡಿಗೆ ಬಂದವು, ಎಷ್ಟು ಒಪ್ಪಿಗೆ ಪತ್ರಕ್ಕೆ ಸಹಿಯಾಯಿತು, ವಿಕಿಪೀಡಿಯಕ್ಕೆ ಎಷ್ಟು ಲೇಖನ ಸೇರಿದವು, ಎಷ್ಟು ದೂರು ತಂತ್ರಾಂಶ ಬರೆಯುವವರಿಗೆ ಹೋದವು ಎಂಬುದನ್ನು ಬೋರ್ಡಿನ ಮೇಲೆ ಬರೆದರೆ ಸಾಕು.

ಅಲ್ಲಿಗೂ ಮುಗಿಯದ ಒಂದು ಕೆಲಸವಿದೆ, ತಾಣವನ್ನು ಉಳಿಸಿಕೊಳ್ಳುವುದು. ಕನ್ನಡದ ಎಷ್ಟೋ ತಾಣಗಳು ಮುಗ್ಗರಿಸಿದ್ದು ಅಲ್ಲಿಯೇ. 2014ರ ಸೆಪ್ಟೆಂಬರ್ 30ರಂದು ಆರ್ಕುಟ್ ಮುಚ್ಚಿದಾಗ ಅಲ್ಲಿನ ಕನ್ನಡ ಸಮುದಾಯಗಳ ಚರ್ಚೆ ನಮ್ಮ ಕೈ ತಪ್ಪಿತು. ಸ್ವಂತ ವಿಳಾಸ ಇಟ್ಟುಕೊಂಡವರ ತಾಣಗಳೂ ಮುಚ್ಚಿವೆ, ಡೊಮೇನ್ ಹೆಸರು ನವೀಕರಿಸುವ ತಾರೀಕು ಒಬ್ಬರ ಮೇಲ್‌ಬಾಕ್ಸಿನಲ್ಲಿ ಹೂತುಹೋದದ್ದರಿಂದ. ಅದಕ್ಕೇ ಹಾಗಲವಾಡಿಯ ತಾಣದ ಡೊಮೇನನ್ನು ವ್ಯಕ್ತಿಯ ಹೆಸರಿನಲ್ಲಿ ಅಲ್ಲ, ನೋಂದಾಯಿತ ಸಂಘದ ಹೆಸರಿನಲ್ಲಿ ಕೊಳ್ಳಬೇಕು. ಕನ್ನಡ ಲಿಪಿಯಲ್ಲೇ ಡಾಟ್ ಭಾರತ ವಿಳಾಸವೂ ಸಿಗುತ್ತದೆ, ಬೇಕಾದರೆ ಅದನ್ನೂ ಜೊತೆಗೆ ಇಟ್ಟುಕೊಳ್ಳಲಿ. ಉಳಿದ ಹಣದಲ್ಲಿ ಮೊದಲ ಖರ್ಚು, ಸಿಗುವಷ್ಟು ವರ್ಷಗಳ ನವೀಕರಣವನ್ನು ಮುಂಗಡ ಕಟ್ಟುವುದು. ಪಾಸ್‌ವರ್ಡುಗಳನ್ನು ಮೂವರ ಬಳಿ, ಒಂದು ಮುಚ್ಚಿದ ಲಕೋಟೆಯನ್ನು ಅರಿವು ಕೇಂದ್ರದ ಬೀರುವಿನಲ್ಲಿ ಇಡಬೇಕು. ಇಡೀ ತಾಣದ ಒಂದು ಪ್ರತಿ ವರ್ಷಕ್ಕೆರಡು ಸಲ ಪೆನ್‌ಡ್ರೈವಿಗೆ, ಒಂದು ಪ್ರತಿ ಇಂಟರ್ನೆಟ್ ಆರ್ಕೈವಿಗೆ. ನವೀಕರಣ, ಪಾಸ್‌ವರ್ಡು, ಪ್ರತಿ ತೆಗೆದಿಡುವುದು ಈ ಮೂರು ಕೆಲಸಕ್ಕೆ ಹೆಸರು ಹಾಕಿ ಜವಾಬ್ದಾರರನ್ನು ಗೊತ್ತು ಮಾಡದೆ ಸಮಾರೋಪ ಮಾಡಬಾರದು. ಮುಂದಿನ ವರ್ಷದ ಸಮ್ಮೇಳನ ಚೇಳೂರಿಗೋ ಕಡಬಕ್ಕೋ ನಿಟ್ಟೂರಿಗೋ ಎಂಬುದನ್ನು ಅದೇ ಸಭೆಯಲ್ಲಿ ಕೈ ಎತ್ತಿಸಿ ತೀರ್ಮಾನಿಸಿ, ಆ ಊರಿನ ಇಬ್ಬರನ್ನು ಈ ವರ್ಷದ ಲೆಕ್ಕಪತ್ರದ ಜೊತೆ ಕೂರಿಸಬೇಕು.